ಗಂಗುಲಪ್ಪನ ಬಾಡಿಗೆ ಕಾರು

ಬೆಂಗಳೂರಿನಿಂದ ಹೊರಟ ಪುಟ್ಟ ರೈಲು ನಂದಿ ದಾಟಿ ಚಿಕ್ಕಬಳ್ಳಾಪುರ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಎರಡು ದಿನ ಸುರಿದ ಮಳೆಗೆ ಮುಂದೆ ಹಳಿಯ ಕೆಳಗಿನ ಮಣ್ಣು ಕುಸಿದಿದೆ, ಗಾಡಿ ಇಲ್ಲಿಗೇ ನಿಲ್ಲುತ್ತದೆ ಎಂದರು. ನಾನು ಹೋಗಬೇಕಾಗಿದ್ದುದು ಚಿಂತಾಮಣಿಗೆ. ತಂಗಿ ಶಾಂತಾಳ ಮಗುವಿಗೆ ಮಾರನೆಯ ದಿನ ನಾಮಕರಣ. ಬಸ್ಸು ಹೊರಟುಹೋಗಿತ್ತು. ನಿಲ್ದಾಣದ ಹೊರಗೆ ಕರಿಯ ಬಾಡಿಗೆ ಕಾರೊಂದು ನಿಂತಿತ್ತು.

ಧಾರವಾಡ ಬಿಡುವಾಗ ನಮ್ಮ ಮನೆಯವರು ಮತ್ತೆ ಮತ್ತೆ ಹೇಳಿದ್ದರು: "ಬಾಡಿಗಿ ಗಾಡಿ ಹತ್ತಿದ್ರ ನಂಬರ ಬರಕೋ. ಒಬ್ಬಾಕಿನ ಅದೀನಿ ಅಂತ ಹೇಳಬ್ಯಾಡ. ದೊಡ್ಡ ರಸ್ತೆ ಬಿಟ್ಟು ಹೊಂಟ್ರ ಇಳದುಬಿಡು." ನಂಬರು ಬರೆದುಕೊಂಡೆ. ಚಿಂತಾಮಣಿಯಲ್ಲಿ ಯಜಮಾನರು ಕಾಯುತ್ತಿದ್ದಾರೆ ಎಂದು ಸುಳ್ಳನ್ನೂ ಹೇಳಿದೆ. ಚಾಲಕ ಗಂಗುಲಪ್ಪನಿಗೆ ಐವತ್ತರ ಹತ್ತಿರದ ವಯಸ್ಸು, ಊರು ಗೌರಿಬಿದನೂರು. "ಇಪ್ಪತ್ತೆಂಟು ಮೈಲಿ ಅಮ್ಮ. ಹದಿನೈದು ರೂಪಾಯಿ ಕೊಡಿ, ಕತ್ತಲಾಗೋದ್ರೊಳಗೆ ಬಿಡ್ತೀನಿ" ಎಂದ.

ಶಿಡ್ಲಘಟ್ಟದವರೆಗೆ ದಾರಿ ಹಿತವಾಗಿತ್ತು. ಎರಡೂ ಕಡೆ ಹಿಪ್ಪುನೇರಳೆ ತೋಟ, ಮಳೆಯಲ್ಲಿ ತೊಳೆದ ಎಲೆ. ಊರೊಳಗೆ ರೇಷ್ಮೆಗೂಡು ಬೇಯಿಸುವ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಲ್ಲಿ ಗಂಗುಲಪ್ಪ ಕಾರು ನಿಲ್ಲಿಸಿ ನನಗೊಂದು ಲೋಟ ಕಾಫಿ ತಂದುಕೊಟ್ಟ. ಆಮೇಲೆ ಹೋಟೆಲಿನ ಬಾಗಿಲಲ್ಲಿ ನಿಂತು ಒಬ್ಬನೊಂದಿಗೆ ತೆಲುಗಿನಲ್ಲಿ ಮಾತಾಡಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆತ ಕಾರಿನ ಕಡೆ ಎರಡು ಸಲ ಕೈ ತೋರಿಸಿದ. ಬರೆದುಕೊಂಡಿದ್ದ ನಂಬರನ್ನು ಮತ್ತೊಮ್ಮೆ ತೆಗೆದು ನೋಡಿಕೊಂಡೆ.

ನಾಲ್ಕು ಮೈಲಿ ಹೋಗಿರಬಹುದು, ಕಾರು ದೊಡ್ಡ ರಸ್ತೆ ಬಿಟ್ಟು ಮಣ್ಣಿನ ಬಂಡಿದಾರಿಗೆ ತಿರುಗಿತು. ರೈಲುಹಳಿ ಕುಸಿದಿರುವಾಗ ರಸ್ತೆಯೂ ಕುಸಿದಿರಬಹುದೆಂಬ ಸರಳ ವಿಚಾರ ನನಗೆ ಹೊಳೆಯಲಿಲ್ಲ.

"ಗಾಡಿ ನಿಲ್ಸು! ನನ್ನ ಎಲ್ಲಿಗೆ ಒಯ್ಯಾಕತ್ತೀ?" ಎಂದು ಚೀರಿದೆ.

"ಗಾಬರಿ ಬೀಳ್ಬೇಡಿ ಅಮ್ಮ, ಈ ಕಡೆಯಿಂದ್ಲೇ..." ಎನ್ನುತ್ತ ಅವನು ಕಾರು ನಿಲ್ಲಿಸಿದ. ಅವನ ಮಾತು ಮುಗಿಯುವ ಮೊದಲೇ ನಾನು ಕೆಳಗಿಳಿದು ಕೂಗಿದೆ. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ನಾಲ್ಕೈದು ಜನ ಓಡಿಬಂದರು.

"ಏಮಯ್ಯಾ, ಹೆಣ್ಮಗೀನ ಎಲ್ಲಿಗ್ ಕರ್ಕೊಂಡ್ ಹೋಗ್ತಿದೀಯಾ?" ಎಂದು ಒಬ್ಬ ಗಂಗುಲಪ್ಪನ ಅಂಗಿ ಹಿಡಿದ. ಅವನು ಕೈಮುಗಿದು ತೆಲುಗಿನಲ್ಲಿ ಏನೋ ಹೇಳತೊಡಗಿದ. ಇನ್ನೊಬ್ಬ ಕಪಾಳಕ್ಕೆ ಹೊಡೆದೇಬಿಟ್ಟ.

ಅಷ್ಟರಲ್ಲಿ ಅದೇ ಬಂಡಿದಾರಿಯಲ್ಲಿ ನಮ್ಮ ಹಿಂದಿನಿಂದ ಚಿಂತಾಮಣಿಗೆ ಹೋಗುವ ಇನ್ನೊಂದು ಬಸ್ಸು ಓಲಾಡುತ್ತ ಬಂತು. ಕಂಡಕ್ಟರ್ ತಲೆ ಹೊರಗೆ ಹಾಕಿ, "ದಾರಿ ಬಿಡ್ರಪ್ಪಾ! ಈಗ್ತಾನೆ ಕೆರೆ ಕೋಡಿ ಹರಿದು ದೊಡ್ಡ ರಸ್ತೇಲಿ ಮೋರಿ ಕೊಚ್ಕೊಂಡ್ ಹೋಗೈತೆ. ಇವತ್ತು ಎಲ್ಲಾ ಗಾಡೀನೂ ಇದೇ ದಾರಿ" ಎಂದ.

ಹೋಟೆಲಿನ ಬಾಗಿಲಲ್ಲಿ ಆತ ಹೇಳಿದ್ದೂ ಇದನ್ನೇ ಇರಬೇಕು. ಹೊಡೆದವನು ಸೊಪ್ಪಿನ ಹೊರೆ ಎತ್ತಿಕೊಂಡು ತೋಟಕ್ಕೆ ಹೋದ. ಆ ಕಾರಿಗೆ ಮತ್ತೆ ಹತ್ತಲು ನನಗೆ ಮುಖವಿರಲಿಲ್ಲ. ಬಸ್ಸು ಹತ್ತಿದೆ. ನನ್ನ ಟ್ರಂಕನ್ನು ಗಂಗುಲಪ್ಪನೇ ಹೊತ್ತು ತಂದು ಬಸ್ಸಿನ ಮೇಲೇರಿಸಿದ. ಅವನ ಕೆನ್ನೆ ಕೆಂಪಗಾಗಿತ್ತು. ಕಿಟಕಿಯ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತೂ ಆಡಲಿಲ್ಲ.

ನಾಮಕರಣ ಚೆನ್ನಾಗಿ ನಡೆಯಿತು. ಕಾಯಿಹೋಳಿಗೆ, ಹುಳಿಯನ್ನ ಮಾಡಿದ್ದರು. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡಾಗಲೂ ನನಗೆ ಆ ಕೆನ್ನೆಯೇ ಕಾಣುತ್ತಿತ್ತು. ಒಂದು ವಾರದ ನಂತರ ಚಿಕ್ಕಬಳ್ಳಾಪುರಕ್ಕೆ ಬಂದು ಅವನನ್ನು ಹುಡುಕಿದೆ. ಕರಿಯ ಕಾರು ಅಲ್ಲಿಯೇ ಇತ್ತು, ಅದರಲ್ಲಿ ಬೇರೊಬ್ಬನಿದ್ದ.

"ಯಾವ್ದೋ ಹೆಂಗಸಿನ ತಂಟೆಗೆ ಹೋಗಿದ್ನಂತೆ. ಕಾರಿನ ಸಾಹುಕಾರ್ರು ಬೀಗದಕೈ ಕಿತ್ಕೊಂಡು ಮನೆಗೆ ಕಳ್ಸಿದ್ರು" ಎಂದ ಅವನು. ಆ ಹೆಂಗಸು ನಾನೇ ಎಂದು ಹೇಳಿ ಸಾಹುಕಾರರ ವಿಳಾಸ ಕೇಳಿ ಬರೆದುಕೊಂಡೆ. ಅವರು ಊರಲ್ಲಿರಲಿಲ್ಲ.

ಗುಂತಕಲ್ಲಿನ ಮೇಲೆ ಊರಿಗೆ ಮರಳೋಣವೆಂದು ಗಂಗುಲಪ್ಪನ ಊರಾದ ಗೌರಿಬಿದನೂರಿಗೆ ಬಸ್ಸು ಹಿಡಿದೆ. ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ಕೇಳುತ್ತ ಹೋದಾಗ ಗಂಗುಲಪ್ಪ ಒಂದು ಶೆಡ್ಡಿನಲ್ಲಿ ಲಾರಿ ತೊಳೆಯುತ್ತಿದ್ದುದು ಕಂಡಿತು. ನನ್ನನ್ನು ನೋಡಿ ಒದ್ದೆ ಕೈ ಒರೆಸಿಕೊಂಡು ಬಂದ.

"ನಂದ ತಪ್ಪಾತು" ಎಂದೆ. "ಹೆದರಿದ್ದೆ."

"ಹೆದರಿದ್ದು ತಪ್ಪಲ್ಲಮ್ಮ. ಒಂಟಿ ಹೆಣ್ಮಗಳು, ಹೆದರ್ಲೇಬೇಕು. ತಿರುಗಿಸೋಕ್ ಮುಂಚೆ ನಾನೂ ಒಂದ್ ಮಾತು ಹೇಳ್ಬೇಕಾಗಿತ್ತು." ಮೇಲೆ ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡ. "ಆದ್ರೆ ಬಸ್ ಬಂದ್ ಮೇಲೆ ಜನ ಇನ್ನೂ ಅಲ್ಲೇ ಇದ್ರಲ್ಲಮ್ಮ. ಅವಾಗ್ಲಾದ್ರೂ ನೀವ್ ಹೇಳ್ಬಹುದಿತ್ತು."

ಸಾಹುಕಾರರಿಗೆ ಕಾಗದ ಬರೆಯುತ್ತೇನೆ ಎಂದೆ. "ಬರೀರಿ" ಎಂದು ಅವನು ಬಕೆಟ್ಟಿನ ಕಡೆ ಹೋದ.

ನಡೆದುದನ್ನೆಲ್ಲ, ತಪ್ಪು ಅವನದಲ್ಲ ನನ್ನದೆಂಬುದನ್ನೂ, ರೈಲಿನಲ್ಲೇ ನಾಲ್ಕು ಪುಟ ಬರೆದು ಗುಂತಕಲ್ಲಿನಲ್ಲಿ ಅಂಚೆಗೆ ಹಾಕಿದೆ. ಧಾರವಾಡ ಸೇರಿದ ಹದಿನೈದು ದಿನಕ್ಕೆ ಸಾಹುಕಾರರದೊಂದು ಕಾರ್ಡು ಬಂತು. ಅದರಲ್ಲಿದ್ದುದು ಮೂರೇ ಸಾಲು: ತಮಗಾದ ತೊಂದರೆಗೆ ವಿಷಾದವಿದೆ. ಆ ಮನುಷ್ಯನನ್ನು ಕೆಲಸದಿಂದ ತೆಗೆದಾಗಿದೆ. ಮುಂದಿನ ಸಲ ಬಂದಾಗ ನಿಶ್ಚಿಂತೆಯಿಂದ ನಮ್ಮ ಕಾರಿನಲ್ಲೇ ಪ್ರಯಾಣ ಮಾಡಬಹುದು.