ಮುಳ್ಳುಗಿಡದ ಚೀಸು

ಹನ್ನೊಂದು ವರ್ಷ ನಾನೂ ಅಕ್ಕನೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬಂದೆವು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರು, ನನಗಿಂತ ಹದಿನೇಳು ವರ್ಷ ದೊಡ್ಡವರು, ಕ್ಯಾಲಿಫೋರ್ನಿಯದ ಫಾಸ್ಟರ್ ಸಿಟಿಯ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದವರು. ನಾನು ವಿಜಯಪುರದವಳು. ಇಬ್ಬರ ಮನೆಯೂ ಗಿಲ್‌ರಾಯ್‌ನಲ್ಲಿ, ನಡುವೆ ನಾಲ್ಕು ರಸ್ತೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಅವರ ಕಾರು ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಡ್ರೈವಿಂಗ್ ಯಾವಾಗಲೂ ಅವರದೇ. ವಾರಕ್ಕೊಂದು ದಿನವಾದರೂ ನಾನು ಓಡಿಸುತ್ತೇನೆ ಅಂದರೆ ಕೇಳುತ್ತಿರಲಿಲ್ಲ.

"ಬೇಡ ಮಾರಾಯ್ತಿ, ನೀನು ಲೇನು ಬದಲಾಯಿಸುದು ನೋಡಿದ್ರೆ ನಂಗೆ ಎದೆ ಧಸಕ್ ಅಂತ ಆಗ್ತದೆ."

ಅವರು ನಿವೃತ್ತರಾದ ದಿನ ಲ್ಯಾಬಿನಲ್ಲಿ ಕೇಕು ಕತ್ತರಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ವಾಪಸು ಬರುವಾಗ ಸ್ಯಾನ್ ಹೊಸೆ ದಾಟಿದ ಮೇಲೆ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತೇಬಿಟ್ಟಿತು. ಗಡಿಯಾರ ನನ್ನ ತೊಡೆಯ ಮೇಲಿತ್ತು.

"ಇನ್ನ ಮುಂದ ಏನ್ ಮಾಡ್ತೀರಿ ಅಕ್ಕಾರ?" ಎಂದು ಕೇಳಿದೆ.

ಅವರು ಎದುರಿನ ಕಾರುಗಳ ಸಾಲಿನತ್ತ ಗದ್ದ ತೋರಿಸಿದರು. ಆಮೇಲೆ ಹೇಳಿದರು: "ನೋಡು, ಈ ರಸ್ತೆಯ ಎಡಕ್ಕೆ ಎಂತ ಉಂಟು, ಬಲಕ್ಕೆ ಎಂತ ಉಂಟು, ನಂಗೆ ಗೊತ್ತೇ ಇಲ್ಲ. ಎದುರಿನ ಕಾರಿನ ಕೆಂಪು ಲೈಟು ಮಾತ್ರ ಗೊತ್ತು. ಒಂದ್ಸಲ ಸ್ಟಿಯರಿಂಗ್ ಬಿಟ್ಟು, ಕಿಟಕಿ ಹತ್ರ ಕೂತು, ಬದಿಗೆ ನೋಡ್ಕೊಂಡು ಹೋಗ್ಬೇಕು. ಸ್ವಿಟ್ಜರ್ಲೆಂಡಲ್ಲಿ ಒಂದು ರೈಲು ಉಂಟಂತೆ. ಸರೋವರದ ದಡದಿಂದ ಬೆಟ್ಟಕ್ಕೆ ಹತ್ತಿ, ಚೀಸು ಮಾಡುವ ಊರಿಗೆ ಕರ್ಕೊಂಡು ಹೋಗ್ತದೆ. ನಮ್ಮ ಮನೆಯವರಿಗೆ ವಿಮಾನ ಅಂದ್ರೆ ಆಗುದಿಲ್ಲ. ನೀನು ಬರ್ತೀಯಾ?"

ನಾನು ನಕ್ಕೆ. ತಮಾಷೆ ಎಂದುಕೊಂಡಿದ್ದೆ. ನಲವತ್ತೆಂಟು ವರ್ಷದವಳಾದರೂ ತವರುಮನೆ ಮತ್ತು ಹೆರಿಗೆಯ ಆಸ್ಪತ್ರೆ ಬಿಟ್ಟರೆ ಗಂಡ, ಮಗಳು ಇಲ್ಲದೆ ಎಲ್ಲಿಯೂ ಒಂದು ರಾತ್ರಿ ಕಳೆದವಳಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ತಮಾಷೆಯಾಗಿಯೇ ಹೇಳಿದೆ. ನಮ್ಮ ಮನೆಮಾತು ಉರ್ದು. ಆದರೆ ನನ್ನ ಗಂಡ ಏನಾದರೂ ಗಟ್ಟಿಯಾಗಿ ಹೇಳಬೇಕೆಂದರೆ ಕನ್ನಡಕ್ಕೆ ಬರುತ್ತಾರೆ. ಚಮಚ ಕೆಳಗಿಟ್ಟು, "ಇದರಾಗ ನಗೂದು ಏನೈತಿ? ಹೋಗಿ ಬಾ," ಎಂದರು. ಹನ್ನೊಂದನೆಯ ತರಗತಿಯ ಮಗಳು ಫೋನಿನಿಂದ ತಲೆಯೆತ್ತದೆ, "ಅಮ್ಮಿ, ಜಸ್ಟ್ ಗೋ. ವಿ ವಿಲ್ ಸರ್ವೈವ್," ಎಂದಳು. ನಾನಿಲ್ಲದೆ ಮನೆ ನಡೆಯುತ್ತದೆ ಎನ್ನುವುದನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡರಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಸೆಪ್ಟೆಂಬರ್ ಕೊನೆಯಲ್ಲಿ ಹೊರಟೆವು. ಮಾಂಟ್ರೂ ಎಂಬ ಊರಿನಲ್ಲಿ ರೈಲು ಹತ್ತಿದಾಗ ಅಕ್ಕ ಕಿಟಕಿ ಪಕ್ಕ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಶಾಲೆಯ ಮೊದಲ ದಿನದ ಹುಡುಗಿಯ ಹಾಗೆ ನೆಟ್ಟಗಾದರು. ರೈಲು ದ್ರಾಕ್ಷಿ ತೋಟಗಳ ನಡುವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ತಿರುಗಿ ಮೇಲೇರಿತು. ಪ್ರತಿ ತಿರುವಿನಲ್ಲೂ ಸರೋವರ ಇನ್ನಷ್ಟು ಕೆಳಗೆ ಕಾಣುತ್ತಿತ್ತು. ಮನೆಗಳ ಮಾಡು, ಅದರಾಚೆ ನೀರು, ನೀರಿನಾಚೆ ಮಂಜು ಕವಿದ ಬೆಟ್ಟಗಳು. ಒಂದು ಉದ್ದನೆಯ ಸುರಂಗ ದಾಟಿದ್ದೇ ತಡ, ಸರೋವರ ಮಾಯವಾಗಿ ಹಸಿರು ಹುಲ್ಲುಗಾವಲು ತೆರೆದುಕೊಂಡಿತು. ಕಿಟಕಿಯ ಮೇಲ್ಭಾಗ ತೆರೆದಿದ್ದರಿಂದ ಹಸುಗಳ ಕೊರಳ ಗಂಟೆ ಒಳಗೆಲ್ಲ ಕೇಳಿಸುತ್ತಿತ್ತು.

ಅಕ್ಕ ಹೊರಗೇ ನೋಡುತ್ತಿದ್ದರು. ಆದರೆ ಇಳಿಜಾರು ಬಂದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎರಡು ಸಲ ನೋಡಿದೆ, ಮೂರನೆಯ ಸಲ ತಡೆಯಲಾಗಲಿಲ್ಲ.

"ಅಕ್ಕಾರ, ಬ್ರೇಕ್ ಒತ್ತಾಕ ಹತ್ತೀರಲ್ರೀ!"

ಅವರು ಕಾಲು ನೋಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ, "ವಾಪಸು ಹೋದ್ಮೇಲೆ ಸೋಮವಾರ ಎದ್ದು ಎಂತ ಮಾಡುದು ಅಂತ ನಂಗೆ ಗೊತ್ತಿಲ್ಲ ಮಾರಾಯ್ತಿ. ಯಾರ ಹತ್ರವೂ ಹೇಳ್ಲಿಲ್ಲ," ಎಂದರು. ನಾನು ಡಬ್ಬಿಯಿಂದ ಚಕ್ಕುಲಿ ತೆಗೆದುಕೊಟ್ಟೆ.

ನಾವು ಇಳಿದ ಊರಿನಲ್ಲಿ ಚೀಸು ಮಾಡುವ ಮನೆ ನಿಲ್ದಾಣದಿಂದ ಐದು ನಿಮಿಷದ ದಾರಿ. ಒಳಗೆ ಕಟ್ಟಿಗೆ ಉರಿಯ ಮೇಲೆ ಮದುವೆ ಮನೆಯ ಹಂಡೆಗಿಂತ ದೊಡ್ಡದಾದ ತಾಮ್ರದ ಕಡಾಯಿ ತೂಗುತ್ತಿತ್ತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕೈವರೆಗೂ ತೋಳು ಮಡಚಿ, ಹೆಪ್ಪುಗಟ್ಟಿದ ಹಾಲನ್ನು ಬಟ್ಟೆಯಲ್ಲಿ ಬಳಿದು ಮೇಲೆತ್ತಿದರು. ಸುತ್ತ ನಿಂತಿದ್ದ ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಆಮೇಲೆ ಮರದ ಹಲಗೆಯ ಮೇಲೆ ಮೂರು ಬಗೆಯ ಚೀಸಿನ ತುಂಡುಗಳು ಬಂದವು, ಎಳೆಯದು, ವರ್ಷದ್ದು, ಅದಕ್ಕೂ ಹಳೆಯದು.

ಅಕ್ಕ ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ನನಗೆ ಗ್ರಾಸರಿ ಅಂಗಡಿಯಲ್ಲಿ ಲೇಬಲ್ಲು ಓದದೆ ಏನನ್ನೂ ಬುಟ್ಟಿಗೆ ಹಾಕುವ ಅಭ್ಯಾಸವಿಲ್ಲ. ಈ ಹಲಗೆಗೆ ಲೇಬಲ್ಲು ಇರಲಿಲ್ಲ. ಹಾಗಾಗಿ ಆ ಹೆಂಗಸನ್ನೇ ಕೇಳಿದೆ, ಹಾಲು ಹೆಪ್ಪುಗಟ್ಟಲು ಏನು ಹಾಕುತ್ತೀರಿ ಎಂದು.

ಅವರು ತಡೆತಡೆದು ಇಂಗ್ಲಿಷಿನಲ್ಲಿ ಹೇಳಿದರು: "ಕರುವಿನ ಹೊಟ್ಟೆಯಿಂದ ತೆಗೆದದ್ದು. ಇಲ್ಲಿ ಮೊದಲಿನಿಂದಲೂ ಹಾಗೆಯೇ."

ಅಕ್ಕನ ದವಡೆ ಅಲ್ಲಿಗೇ ನಿಂತಿತು. ಅವರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಕೈಯಲ್ಲಿದ್ದ ಅರ್ಧ ತುಂಡನ್ನು ನಿಧಾನವಾಗಿ ಹಲಗೆಯ ಅಂಚಿಗಿಟ್ಟು, ಯಾರಿಗೂ ತಿಳಿಯದ ಹಾಗೆ ಬಾಗಿಲಿನಿಂದ ಹೊರಗೆ ಹೋದರು. ನಾನೂ ಹಿಂದೆಯೇ ಓಡಿದೆ. ಅಂಗಳದಲ್ಲಿ ಬೆಟ್ಟದ ನೀರು ಬೀಳುವ ಮರದ ತೊಟ್ಟಿಯೊಂದಿತ್ತು. ಅಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು.

"ತಪ್ಪಾತ್ರಿ ಅಕ್ಕಾರ. ಮೊದಲ ಕೇಳಬೇಕಿತ್ತು, ಇಲ್ಲಾಂದ್ರ ಸುಮ್ನಿರಬೇಕಿತ್ತು."

"ನಿಂದು ಎಂತ ತಪ್ಪು? ಮೂವತ್ತು ವರ್ಷ ಎನ್ಜೈಮು ಅಳೆದವಳು ನಾನು. ನಮ್ಮಲ್ಲಿ ಈ ಹೆಪ್ಪಿನ ಎನ್ಜೈಮನ್ನು ಟ್ಯಾಂಕಲ್ಲಿ ಬೆಳೆಸ್ತಾರೆ, ಇಲ್ಲಿ ಹಳೇ ಕ್ರಮ ಅಂತ ನಂಗೆ ಗೊತ್ತಿರ್ಬೇಕಿತ್ತು." ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಊರಲ್ಲಿ ಯಾರಿಗೂ ಹೇಳ್ಬೇಡ ಆಯ್ತಾ." ಸೆರಗು ಸರಿಮಾಡಿಕೊಂಡು, "ಊರಲ್ಲಿ ಹೇಳ್ಲಿಕ್ಕೆ ಇನ್ನು ಯಾರಿದ್ದಾರೆ," ಎಂದು ತಾವೇ ಸೇರಿಸಿದರು.

ಅಷ್ಟರಲ್ಲಿ ಚೀಸಿನ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆರೋಗ್ಯ ಕೆಟ್ಟಿತೆ ಎಂದು ವಿಚಾರಿಸಿದರು. ನಾನು ವಿವರಿಸಿದೆ. ಇವರು ಸಸ್ಯಾಹಾರಿ. ನಾನು ಮಾಂಸ ತಿನ್ನುವವಳೇ, ಆದರೆ ಹಲಾಲ್ ಅಲ್ಲದ್ದು ಬೇಡ. ಚೀಸಿನ ವಿಷಯದಲ್ಲಿ ನಮ್ಮವರಲ್ಲೇ ಎರಡು ಅಭಿಪ್ರಾಯವಿದೆ, ನನ್ನ ಗಂಡ ತಿನ್ನುತ್ತಾರೆ, ನಾನು ತಿನ್ನುವುದಿಲ್ಲ. ಆಕೆ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದರು.

"ಅಂದರೆ ನಿಮ್ಮಿಬ್ಬರದೂ ಬೇರೆ ಬೇರೆ ಕಾರಣ, ಆದರೆ ಬೇಡವಾದದ್ದು ಒಂದೇ!"

ಆಕೆಗೆ ಬೇಸರವಾಗಿರಬಹುದು ಎಂದುಕೊಂಡಿದ್ದೆ. ಆಕೆ ಜೋರಾಗಿ ನಕ್ಕು, ಸ್ವಲ್ಪ ಇರಿ ಎಂದು ಕೈಸನ್ನೆ ಮಾಡಿ ನೆಲಮಾಳಿಗೆಗೆ ಇಳಿದುಹೋದರು. ಬರುವಾಗ ಕೈಯಲ್ಲಿ ಅಂಗೈ ಅಗಲದ, ಬೂದಿ ಬಣ್ಣದ ಸಿಪ್ಪೆಯ ಒಂದು ಸಣ್ಣ ಚೀಸು ಮತ್ತು ಗಾಜಿನ ಬಾಟಲಿ ಇತ್ತು. ಅವರ ನಾದಿನಿ ಮಾಂಸ ಬಿಟ್ಟವಳಂತೆ. ಅವಳಿಗಾಗಿ ಮಾತ್ರ ಇದನ್ನು ಮಾಡುತ್ತಾರಂತೆ, ಒಂದು ಮುಳ್ಳುಗಿಡದ ಒಣಗಿದ ಹೂವಿನ ಎಳೆಗಳನ್ನು ನೀರಲ್ಲಿ ನೆನೆಹಾಕಿ, ಆ ನೀರಿನಲ್ಲೇ ಹಾಲನ್ನು ಹೆಪ್ಪುಗಟ್ಟಿಸಿ. ಮಾರುವುದಕ್ಕಲ್ಲ. ತೊಟ್ಟಿಯ ಅಂಚಿನ ಮೇಲೇ ಇಟ್ಟು, ಚಾಕುವಿನಿಂದ ಎರಡು ಹೋಳು ಕತ್ತರಿಸಿ ಕೊಟ್ಟರು.

ಮೊದಲು ಹೊಗೆಯ ವಾಸನೆ, ಆಮೇಲೆ ಉಪ್ಪು, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ತುಸುವೇ ಕಹಿ. ನಾನು ಓದಿದ ಶಾಲೆಯ ನಿಘಂಟಿನಲ್ಲಿ ಚೀಸ್ ಎಂದರೆ ಗಿಣ್ಣು ಎಂದಿತ್ತು. ಗಿಣ್ಣು ಎಂದರೆ ನನಗೆ ಎಮ್ಮೆ ಕರು ಹಾಕಿದಾಗ ಪಕ್ಕದ ಮನೆಯವರು ತಟ್ಟೆ ಮುಚ್ಚಿ ಕಳಿಸುತ್ತಿದ್ದ ಬೆಲ್ಲದ ಸಿಹಿ. ಇದು ಅದರ ಹತ್ತಿರಕ್ಕೂ ಬರುವಂತಿರಲಿಲ್ಲ. ಆದರೂ ಬಾಯೊಳಗೆ ಅದೇ ಮೆತ್ತಗಿನ ಒರಟು, ಹಾಲು ಇನ್ನೇನೋ ಆಗಿಬಿಟ್ಟ ಅದೇ ಸೋಜಿಗ.

"ಕಹಿ ಉಂಟು," ಎಂದರು ಅಕ್ಕ, "ಆದ್ರೆ ಒಳ್ಳೆ ಕಹಿ." ಇನ್ನೊಂದು ಹೋಳಿಗೆ ಕೈ ಚಾಚಿದರು.

ನಾನು ಬಾಟಲಿ ಎತ್ತಿ ನೋಡಿದೆ. ನೇರಳೆ ಬಣ್ಣದ ಒಣ ಎಳೆಗಳು. "ಅಕ್ಕಾರ, ಇದು ನಮ್ಮ ಗಿಲ್‌ರಾಯ್ ಗುಡ್ಡದ ಮ್ಯಾಲ ಬೆಳೀತೈತಲ್ರೀ! ಆರ್ಟಿಚೋಕ್ ಕಾಯಿಪಲ್ಲೆ ಹಂಗ ಕಾಣೂ ಮುಳ್ಳಿನ ಗಿಡ. ನೀವು ಕಾರ್ ಓಡಸ್ತಿದ್ರಿ, ನಾ ದಿನಾ ಕಿಟಕ್ಯಾಗಿಂದ ನೋಡ್ತಿದ್ದೆ."

ಅಕ್ಕ ಆ ಹೆಂಗಸಿನಿಂದ ಮಾಡುವ ಕ್ರಮವನ್ನೆಲ್ಲ ಕೇಳಿ ರೈಲಿನ ಟಿಕೆಟ್ಟಿನ ಹಿಂದೆ ಬರೆದುಕೊಂಡರು. ಇಮೇಲ್ ವಿಳಾಸವನ್ನೂ ಪಡೆದರು.

ಆದರೆ ಆ ಗಿಡ ಹೂ ಬಿಡುವುದು ಮೇ ತಿಂಗಳಲ್ಲಿ. ನಡುವೆ ಇಡೀ ಚಳಿಗಾಲವಿತ್ತು. ನಾನು ಒಬ್ಬಳೇ ಡ್ರೈವ್ ಮಾಡತೊಡಗಿದೆ. ಅಕ್ಕ ಬೆಳಿಗ್ಗೆ ಐದೂಮುಕ್ಕಾಲಿಗೇ ಎದ್ದು ಫೋನ್ ಮಾಡುತ್ತಿದ್ದರು. ಸ್ಪೀಕರಿನಲ್ಲಿ ಹಾಕಿಕೊಂಡು ಮಾತಾಡುತ್ತ ಹೋಗುತ್ತಿದ್ದೆ. ಮೊದಮೊದಲು ಲ್ಯಾಬಿನ ಸುದ್ದಿ ಕೇಳುತ್ತಿದ್ದರು. ಬರಬರುತ್ತ ಅದೂ ಕಡಿಮೆಯಾಗಿ, ಹೂಂ, ಹೂಂ ಎಂಬಷ್ಟೇ ಉಳಿಯಿತು. ಒಂದು ದಿನ ಅವರ ಗಂಡ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದರು: "ಮಧ್ಯಾಹ್ನದವರೆಗೆ ಸ್ನಾನವೇ ಮಾಡುದಿಲ್ಲ ಇವಳು. ಟಿವಿ ಹಾಕಿ ಕೂತಿರ್ತಾಳೆ, ನೋಡುದೂ ಇಲ್ಲ." ನಾನು ಭಾನುವಾರಗಳಂದು ಹೋಗಿ ಕೂರತೊಡಗಿದೆ. ಅದಕ್ಕಿಂತ ಹೆಚ್ಚಿನದೇನೂ ತೋಚಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಫೋನೆತ್ತಿದಾಗ ಹಲೋ ಕೂಡ ಇಲ್ಲ. "ಹೂ ಬಿಟ್ಟಿದೆ!"

"ಎಲ್ಲಿ ನೋಡಿದ್ರಿ?"

"ಗುಡ್ಡದ ಹತ್ರ ನಡ್ಕೊಂಡು ಬಂದಿದ್ದೇನೆ. ಶನಿವಾರ ಗ್ಲೌಸು ತಗೊಂಡು ಬಾ."

ಆ ಗುಡ್ಡ ಒಬ್ಬ ರೈತನದು. ಕೇಳದೆ ಕೀಳುವುದು ಬೇಡವೆಂದು ಅವನ ಮನೆ ಬಾಗಿಲು ತಟ್ಟಿದೆವು. ದನಗಳ ಮೇವನ್ನೆಲ್ಲ ಹಾಳುಮಾಡುವ ಆ ಗಿಡವನ್ನು ಯಾರಾದರೂ ಬೇಕೆಂದು ಕೇಳಿಕೊಂಡು ಬರುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. "ಎಲ್ಲವನ್ನೂ ಕೊಂಡುಹೋಗಿ. ಬೇರು ಸಮೇತ!" ಎಂದ.

ನೇರಳೆ ಎಳೆಗಳನ್ನು ಕಿತ್ತು, ಅಕ್ಕನ ಮನೆಯಲ್ಲಿ ಹಪ್ಪಳದ ಬಟ್ಟೆಯ ಮೇಲೆ ಒಣಗಿಸಿದೆವು. ಮೊದಲ ಚೀಸು ಮಾಡಿದ ದಿನ ಅಕ್ಕ ಲ್ಯಾಬಿನಲ್ಲಿದ್ದ ಹಾಗೆಯೇ ನೋಟುಬುಕ್ಕಿನಲ್ಲಿ ಉಷ್ಣಾಂಶ, ಹೊತ್ತು, ಎಲ್ಲ ಬರೆದಿಟ್ಟರು. ಹಾಲು ಚೆನ್ನಾಗಿಯೇ ಹೆಪ್ಪುಗಟ್ಟಿತು. ಮೂರನೆಯ ವಾರ ಕತ್ತರಿಸಿ ಬಾಯಿಗಿಟ್ಟರೆ ಬೇವಿನ ಕಷಾಯ. ಅಕ್ಕನ ಗಂಡ ಉಗುಳಲು ಸಿಂಕಿಗೆ ಓಡಿದರು. ನಾನು ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಅಕ್ಕ ಮಾತ್ರ ಅಂದೇ ಆ ಹೆಂಗಸಿಗೆ ಪುಟಗಟ್ಟಲೆ ಇಮೇಲ್ ಬರೆದರು, ಪಟ್ಟಿ ಸಮೇತ. ಎರಡು ದಿನದಲ್ಲಿ ಬಂದ ಉತ್ತರ ಒಂದೇ ಸಾಲಿನದು: "ಮೇಕೆಯ ಹಾಲು ಎಂದು ಹೇಳಿದ್ದೆನಲ್ಲ!"

ಟಿಕೆಟ್ಟು ಹುಡುಕಿ ನೋಡಿದರೆ, ನಿಜ, ಮೂಲೆಯಲ್ಲಿ ಬರೆದಿತ್ತು. ನಾವು ದನದ ಹಾಲು ಹಾಕಿದ್ದೆವು.

"ನಮ್ಮಜ್ಜಿ ಆಡು ಸಾಕಿದ್ಲು," ಎಂದೆ. "ಹಾಲು ತರೂ ಕೆಲಸ ನಂದು."

ಊರ ಹೊರಗೆ ಮೇಕೆ ಸಾಕುವವರೊಬ್ಬರು ಸಿಕ್ಕರು. ಎರಡನೆಯ ಚೀಸನ್ನು ಜುಲೈಯಲ್ಲಿ ಅಕ್ಕನ ಹಿತ್ತಲಲ್ಲಿ ಎರಡೂ ಮನೆಯವರು ಕೂತು ತಿಂದೆವು. ತೊಟ್ಟಿಯ ಬಳಿ ತಿಂದದ್ದಕ್ಕಿಂತ ಉಪ್ಪು ಹೆಚ್ಚಾಗಿತ್ತು, ಒಂದು ಬದಿ ಒಡೆದಿತ್ತು. ಆದರೆ ಕಹಿ ಇಷ್ಟೇ ಇಷ್ಟು. ಅಕ್ಕನ ಗಂಡ ಹೆದರುತ್ತ ಒಂದು ಹೋಳು ತಿಂದರು, ಆಮೇಲೆ ಹೆದರದೆ ಮೂರು. ನನ್ನ ಮಗಳು ಕ್ರ್ಯಾಕರಿನ ಮೇಲಿಟ್ಟು ತಿಂದು, "ದಿಸ್ ಈಸ್ ಆಕ್ಚುಲಿ ಗುಡ್," ಎಂದಾಗ ಅಕ್ಕ ಆ 'ಆಕ್ಚುಲಿ'ಯನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಕಾಲು ಭಾಗವನ್ನು ರೈತನಿಗೆ ಕೊಟ್ಟುಬಂದೆವು.

ಈಗ ಬೆಳಿಗ್ಗೆ ಫೋನ್ ಬರುವುದೇ ಅಪರೂಪ. ನಾನಾಗಿ ಮಾಡಿದರೂ, "ಹಾಲು ಬಿಸಿಗಿಟ್ಟಿದ್ದೇನೆ, ಆಮೇಲೆ ಮಾತಾಡುವ," ಎಂದು ಇಟ್ಟುಬಿಡುತ್ತಾರೆ. ನಾನು ರೇಡಿಯೋ ಹಾಕಿಕೊಳ್ಳುತ್ತೇನೆ.

ಹೋದ ವಾರ ಆ ಹೆಂಗಸಿನಿಂದ ಇನ್ನೊಂದು ಇಮೇಲ್ ಬಂತು. ನವೆಂಬರಿನಲ್ಲಿ ಹಸುಗಳ ಹಾಲು ಕಡಿಮೆ, ಎರಡು ವಾರ ಬಿಡುವು, ನಾದಿನಿಯ ಜೊತೆ ಕ್ಯಾಲಿಫೋರ್ನಿಯಕ್ಕೆ ಬರಬಹುದೇ ಎಂದು. ಅಕ್ಕ ಉತ್ತರ ಬರೆಯುವ ಮೊದಲೇ ಗೆಸ್ಟ್ ರೂಮಿನ ಪೆಟ್ಟಿಗೆಗಳನ್ನೆಲ್ಲ ಗರಾಜಿಗೆ ಸಾಗಿಸಿದ್ದರು. ಭಾನುವಾರ ಹೋದಾಗ ಅಡುಗೆಮನೆಯಲ್ಲಿ ಕೆಸುವಿನ ಎಲೆಗಳ ರಾಶಿಯ ನಡುವೆ ನಿಂತಿದ್ದರು.

"ಚಳಿ ಬಂದ್ರೆ ಎಲೆ ಸಿಕ್ಕುದಿಲ್ಲ. ಈಗಲೇ ಪತ್ರೊಡೆ ಸುತ್ತಿ ಫ್ರೀಜರಿಗೆ ಹಾಕುವ. ಅವರಿಗೆ ಖಾರ ಆಗ್ತದಾ ಹೇಗೆ?"

"ನಾ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಮಾಡ್ತೀನ್ರಿ. ಖಾರ ಕಮ್ಮಿ ಹಾಕೂಣು."

"ಕಮ್ಮಿ ಎಂತಕ್ಕೆ? ಮೊದಲು ಕೇಳುವ," ಎಂದು ಅಕ್ಕ ಕೈ ತೊಳೆದುಕೊಂಡು ಲ್ಯಾಪ್‌ಟಾಪ್ ತೆರೆದರು.