ಮಾಲೀಕರಿಗೆ ಬಿಟ್ಟ ನಾಲ್ಕು ಕೆಲಸ

ರೇಸ್ ಟ್ರ್ಯಾಕಿನ ಶೆಡ್ಡುಗಳಲ್ಲಿ ಎಲ್ಲರೂ ಅವರನ್ನು ಡಾಕ್ಟ್ರು ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಇಂಜಿನ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್. ಬಾನೆಟ್ ಎತ್ತುವ ಮೊದಲೇ, ಬರೀ ಶಬ್ದ ಕೇಳಿ ರೋಗ ಹೇಳುತ್ತಿದ್ದರು. ಹೇಳಿದ ಮೇಲೆ ಜಂಬದಿಂದ ಗ್ರೀಸ್ ಮೆತ್ತಿದ ಬೆರಳನ್ನೇ ಮೀಸೆಯ ಮೇಲೆ ಆಡಿಸುತ್ತಿದ್ದರು. ಈ ಮೀಸೆಗೆ ನಾನು ಎಣ್ಣೆ ಖರ್ಚು ಮಾಡಿದ್ದೇ ಇಲ್ಲ ಎಂದು ಹೆಂಡತಿ ನಗುತ್ತಿದ್ದಳು.

ಅಂಥವರಿಗೆ ಕಡೆಗೆ ಗಂಟುಬಿದ್ದದ್ದು ಬಿಚ್ಚುವಂತಿಲ್ಲದ ಇಂಜಿನ್. ಮಗಳು ಓಡಿಸುವ ಪುಟ್ಟ ಕಾರುಗಳ ಪಂದ್ಯದಲ್ಲಿ ಎಲ್ಲರಿಗೂ ಒಂದೇ ಬಗೆಯ ಇಂಜಿನ್, ಕಟ್ಟಿಕೊಡುವವನೂ ಒಬ್ಬನೇ. ಬೋಲ್ಟುಗಳ ತಲೆಗೆ ತಂತಿ ಪೋಣಿಸಿ, ಸೀಸ ಒತ್ತಿ, ನಂಬರ್ ಹಾಕಿ ಸೀಲ್ ಮಾಡಿರುತ್ತಾನೆ. ಸೀಲ್ ಕಿತ್ತರೆ ಪಂದ್ಯದಿಂದ ಹೊರಗೆ. ಮಾಲೀಕರಿಗೆ ಬಿಟ್ಟದ್ದು ನಾಲ್ಕೇ ಕೆಲಸ: ಆಯಿಲ್ ಬದಲಿಸುವುದು, ಪ್ಲಗ್ ಬದಲಿಸುವುದು, ಫಿಲ್ಟರ್ ತೊಳೆಯುವುದು, ಮೇಲಿನ ಮುಚ್ಚಳ ತೆಗೆದು ಟ್ಯಾಪೆಟ್ ಸೆಟ್ ಮಾಡುವುದು. ಅದಕ್ಕಿಂತ ಒಳಗೆ ಮೂಗು ತೂರಿಸುವಂತಿಲ್ಲ.

“ಮೊದಲ ಮೂರು ಯಾರು ಬೇಕಾದ್ರೂ ಮಾಡ್ತಾರೆ, ನಾಲ್ಕನೇದಕ್ಕೆ ಕೈ ಬೇಕು” ಎನ್ನುತ್ತಿದ್ದರು. ಅದೇನೋ ನಿಜ. ಟ್ಯಾಪೆಟ್ ಸೆಟ್ ಮಾಡುವುದೆಂದರೆ ಸಂದು ಹೊಂದಿಸುವುದು. ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಫೀಲರ್ ಗೇಜಿನ ತೆಳು ಉಕ್ಕಿನ ಎಲೆಯನ್ನು ಅಲ್ಲಿ ತೂರಿಸಿ ಎಳೆದರೆ ಚೂರೇ ಚೂರು ಹಿಡಿದಂತಾಗಬೇಕು. ಎಷ್ಟು ಹಿಡಿಯಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಬೆರಳಿಗೆ ಗೊತ್ತಾಗಬೇಕು.

ಅವರ ಬೆರಳಿಗೆ ಗೊತ್ತಾಗುವುದು ನಿಂತು ವರ್ಷವಾಗಿತ್ತು. ಮೊದಲು ಬಲಗೈ ಹೆಬ್ಬೆರಳು ಜೋಮು ಹಿಡಿಯಿತು, ಆಮೇಲೆ ಪಕ್ಕದ ಎರಡು. ಒಮ್ಮೆ ಕಾದ ಸೈಲೆನ್ಸರ್ ಮುಟ್ಟಿದ್ದು ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ತಿಳಿದದ್ದು. ಒಲೆ ತಗುಲಿತು ಎಂದು ಹೆಂಡತಿಗೆ ಸುಳ್ಳು ಹೇಳಿದರು. “ನೀವು ಅಡುಗೆಮನೆಗೆ ಕಾಲಿಟ್ಟಿದ್ದು ಯಾವಾಗಪ್ಪಾ?” ಎಂದು ಅವಳು ಕೇಳಿದಳು. ನಾಲ್ಕರಲ್ಲಿ ಈ ಒಂದು ಹೋದರೆ ಉಳಿದ ಮೂರಕ್ಕೆ ಡಾಕ್ಟ್ರು ಯಾಕೆ ಬೇಕು? ಮಗಳ ಪಕ್ಕದಲ್ಲಿ ನಿಲ್ಲಲು ಅವರಿಗೆ ಬೇರೆ ನೆಪ ಗೊತ್ತಿರಲಿಲ್ಲ.

ಹಾಗಾಗಿ ಕಿವಿಯನ್ನು ನಂಬಿದರು. ಸಂದು ಹೆಚ್ಚಾದರೆ ಟ್ಯಾಪೆಟ್ ಟಕಟಕ ಎನ್ನುತ್ತದೆ. ಕಡಿಮೆಯಾದರೆ ಏನೂ ಅನ್ನುವುದಿಲ್ಲ, ವಾಲ್ವ್ ಪೂರ್ತಿ ಮುಚ್ಚದೆ ಸದ್ದಿಲ್ಲದೆ ಸುಡುತ್ತದೆ. ಇದನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟವರೇ ಅವರು. ಆದರೂ ಟಕಟಕ ಕೇಳದಿದ್ದಾಗ ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡು ಮುಚ್ಚಳ ಹಾಕಿದರು. ಬೇರೆಯವರು ಹೀಗೆ ಮಾಡಿದ್ದರೆ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದರು.

ಮಗಳು ಏಳನೆಯವಳಾದಳು, ಹನ್ನೊಂದನೆಯವಳಾದಳು, ಮೂರನೇ ಪಂದ್ಯದಲ್ಲಿ ಎಲ್ಲರಿಗಿಂತ ಹಿಂದೆ.

“ಅಪ್ಪಾ, ಇಂಜಿನ್ ಕಟ್ಟೋನು ತನಗೆ ಬೇಕಾದವರಿಗೆ ಒಳ್ಳೇದು ಕೊಟ್ಟು ನಮಗೆ ಡಬ್ಬಾ ಇಂಜಿನ್ ಕೊಟ್ಟಿದ್ದಾನೆ. ಸೀಲ್ ಒಡೆದು ತೋರಿಸಲಿ ಅಂತ ಪಂದ್ಯ ನಡೆಸೋರಿಗೆ ದೂರು ಬರೆದುಕೊಟ್ಟೆ.”

“ದೂರು ಸುಳ್ಳಾದ್ರೆ?”

“ಎರಡು ವರ್ಷ ನನ್ನ ಲೈಸೆನ್ಸ್ ಹೋಗುತ್ತೆ. ಆದ್ರೆ ಹೇಗೆ ಸುಳ್ಳಾಗುತ್ತೆ? ಹೊರಗಿಂದೆಲ್ಲ ನೀನೇ ನೋಡಿದ್ದೀಯ. ಉಳಿದಿದ್ದು ಒಳಗಿಂದು ತಾನೆ?”

ಅವಳು ಅತ್ತ ಹೋಗುತ್ತಲೇ ಮುಚ್ಚಳ ಬಿಚ್ಚಿದರು. ಗೇಜಿನ ಅತಿ ತೆಳು ಎಲೆಯೂ ಒಳಗೆ ಹೋಗದೆ ಕಾಗದದಂತೆ ಬಾಗಿತು. ಅದನ್ನು ನೋಡಲು ಬೆರಳು ಬೇಕಿರಲಿಲ್ಲ, ಕಣ್ಣೇ ಸಾಕಾಯಿತು. ಈಗ ಸಂದು ಸರಿಮಾಡಿಟ್ಟರೆ, ವಾಲ್ವ್ ಸುಟ್ಟ ತಪ್ಪೆಲ್ಲ ಇಂಜಿನ್ ಕಟ್ಟಿದವನ ತಲೆಗೆ ಬರುತ್ತದೆ. ಅಷ್ಟು ಕೀಳಾಗಲು ಮನಸ್ಸು ಒಪ್ಪಲಿಲ್ಲ. ಮಗಳಿಗೆ ಹೇಳಿ ದೂರು ವಾಪಸ್ ತೆಗೆಸಲು ಎರಡು ದಿನವಿತ್ತು. ಆ ಎರಡೂ ದಿನ ಊಟಕ್ಕೆ ಅವಳ ಎದುರೇ ಕೂತು, ತಟ್ಟೆ ನೋಡುತ್ತಾ ಎದ್ದುಬಂದರು.

ತಪಾಸಣೆಯ ದಿನ ಶೆಡ್ ತುಂಬ ಜನ. ತಪಾಸಣೆಯವರು ಮೊದಲು ಮುಚ್ಚಳ ತೆಗೆದು ಗೇಜ್ ತೂರಿಸಿ ನೋಡಿ ಹುಬ್ಬೇರಿಸಿದರು. ಆಮೇಲೆ ಎಲ್ಲರೆದುರು ತಂತಿ ಕತ್ತರಿಸಿ, ಬಿಚ್ಚಿ, ಒಂದೊಂದನ್ನೇ ಅಳೆದರು. ಅಳತೆಗಳೆಲ್ಲ ಸರಿಯಿದ್ದವು. ಕೊನೆಗೆ ಮೇಜಿನ ಮೇಲೆ ಅಂಚು ಸುಟ್ಟು ತಿಂದುಹೋದ ವಾಲ್ವ್ ಇಟ್ಟರು.

“ಇದು ಕಟ್ಟಿದವರ ತಪ್ಪಲ್ಲ, ಸಂದೇ ಬಿಟ್ಟಿಲ್ಲ. ಟ್ಯಾಪೆಟ್ ಸೆಟ್ ಮಾಡಿದ್ಯಾರು?”

ಮಗಳು ಅಪ್ಪನ ಕಡೆ ತಿರುಗಿದಳು. ಅವರ ಬಲಗೈಯಲ್ಲಿದ್ದ ಒರೆಸುವ ಬಟ್ಟೆ ಆಗಲೇ ಜಾರಿ ನೆಲಕ್ಕೆ ಬಿದ್ದಿತ್ತು. ಬೆರಳುಗಳು ಮಾತ್ರ ಇನ್ನೂ ಬಟ್ಟೆ ಹಿಡಿದುಕೊಂಡ ಹಾಗೆಯೇ ಇದ್ದವು, ಅವರಿಗೆ ಗೊತ್ತೇ ಇರಲಿಲ್ಲ. ಅವಳು ಬಟ್ಟೆ ನೋಡಿದಳು, ಬೆರಳು ನೋಡಿದಳು.

“ನಾನೇ” ಎಂದಳು. “ಅಪ್ಪಂಗೆ ಹೇಳದೆ ಮಾಡ್ಬಿಟ್ಟೆ.”

ಅಪ್ಪ ಬಾಯಿ ತೆರೆದರೆ ಸಾಕಿತ್ತು. ಲೈಸೆನ್ಸ್ ಉಳಿಯದಿದ್ದರೂ ಅವಳ ಮರ್ಯಾದೆಯಾದರೂ ಉಳಿಯುತ್ತಿತ್ತು. ಡಾಕ್ಟ್ರು ತುಟಿ ಪಿಟಕ್ಕೆನ್ನಲಿಲ್ಲ.

“ಇಂಥ ಅಪ್ಪನ್ನ ಮನೇಲಿಟ್ಕೊಂಡು, ಒಂದು ಮಾತು ಕೇಳಬಾರದಿತ್ತೇನಮ್ಮಾ?” ಎಂದರು ತಪಾಸಣೆಯವರು. ಅವಳು ತಲೆ ತಗ್ಗಿಸಿ, ತೋರಿಸಿದಲ್ಲೆಲ್ಲ ಸಹಿ ಹಾಕಿದಳು.

ವಾಪಸ್ ಬರುವಾಗ ಅವಳೇ ಗಾಡಿ ಓಡಿಸಿದಳು. ಅರ್ಧ ದಾರಿಯಲ್ಲಿ ಅವರ ಬಲಗೈ ಕಡೆ ನೋಡಿ ಕೇಳಿದಳು.

“ಎಷ್ಟು ದಿನದಿಂದ?”

“ಒಂದು ವರ್ಷ.”

“ಹೇಳಿದ್ದಿದ್ರೆ ನೀನು ಪಕ್ಕದಲ್ಲಿ ನಿಂತು ಹೇಳ್ಕೊಡ್ತಿದ್ದೆ, ನಾನು ಮಾಡ್ತಿದ್ದೆ. ಅಷ್ಟೇ ತಾನೆ ಅಪ್ಪಾ ಆಗ್ತಿದ್ದಿದ್ದು?”

ಆ ಒಂದು ವರ್ಷದಲ್ಲಿ ಇದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ.