ಪೌಡರ್ ಕೊಳವೆಯಲ್ಲಿ ಅಕ್ಷತೆ

ನನ್ನ ಗಂಡನಿಗೆ ಪಿಸ್ತೂಲಿನ ಹುಚ್ಚು ಹಿಡಿದದ್ದು 2020ರಲ್ಲಿ. ಆ ವರ್ಷ ಅಮೆರಿಕದ ನಮ್ಮ ಮೀರಾ ಮೆಸಾದಲ್ಲಿ ಬೇರೆಯವರ ಗಂಡಂದಿರು ಗಡ್ಡ ಬಿಟ್ಟರು, ಬ್ರೆಡ್ ಮಾಡಲು ಹೋಗಿ ಅಡುಗೆಮನೆ ರಾಡಿ ಮಾಡಿದರು. ಇವನು ಲಾಕ್‌ಡೌನ್ ಸ್ವಲ್ಪ ಸಡಿಲವಾದದ್ದೇ ತಡ, ಆಫೀಸಿನ ಯಾರದೋ ಜೊತೆ ರೇಂಜಿಗೆ ಹೋಗಿ, ಕಬ್ಬಿಣದ ತಟ್ಟೆಗೆ ಠಣ್ ಅಂತ ಗುಂಡು ಹೊಡೆದು, ಲಾಟರಿ ಬಂದವನ ಹಾಗೆ ಮನೆಗೆ ಬಂದ. ಧಾರವಾಡದಲ್ಲಿ ದೀಪಾವಳಿಗೆ ಪಟಾಕಿ ಹಚ್ಚು ಅಂದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದನಂತೆ. ಅತ್ತೆಯವರೇ ಹೇಳಿದ ಮಾತು. ಅಂಥವನಿಗೆ ಈ ವಯಸ್ಸಿನಲ್ಲಿ ಇದೇನು ಬಂತಪ್ಪಾ ಎಂದು ನಾನು ತಲೆ ಚಚ್ಚಿಕೊಂಡೆ.

ಆಮೇಲೆ ಅಂಗಡಿಗಳಲ್ಲಿ ಗುಂಡೇ ಸಿಗದಂತಾಯಿತು. ಟಾಯ್ಲೆಟ್ ಪೇಪರ್ ವಾಪಸ್ ಬಂತು, ಮೈದಾ ಬಂತು, ಗುಂಡು ಮಾತ್ರ ಬರಲಿಲ್ಲ. ಹೊಡೆದ ಮೇಲೆ ಕೆಳಗೆ ಬೀಳುವ ಹಿತ್ತಾಳೆಯ ಖಾಲಿ ಕೇಸುಗಳನ್ನು ಆಯ್ದು ತಂದು, ಹೊಸ ಮದ್ದಿನ ಪೌಡರು, ತುದಿಗೆ ಹೊಸ ಸೀಸ ಹಾಕಿ ಮನೆಯಲ್ಲೇ ಗುಂಡು ಮಾಡಿಕೊಳ್ಳಬಹುದು ಎಂದು ಅವನು ಪತ್ತೆ ಮಾಡಿದ. ಗ್ಯಾರೇಜಿಗೆ ಒಂದು ಸಣ್ಣ ಪ್ರೆಸ್ ಬಂತು. ಅದರ ಹಿಡಿಕೆ ಒಮ್ಮೆ ಎಳೆದರೆ ಒಂದೇ ಕೆಲಸ ಆಗುತ್ತಿತ್ತು. ಒಂದು ಗುಂಡು ಮುಗಿಯಬೇಕಾದರೆ ಮತ್ತೆ ಮತ್ತೆ ಎಳೆಯಬೇಕು. ಅವನಿಗೆ ತಾಳ್ಮೆ ಅನ್ನುವುದು ಹೆಸರಿಗೂ ಇಲ್ಲ. ನನಗೂ ಇದೆ ಎಂದು ಯಾರೂ ಹೇಳುವುದಿಲ್ಲ, ಆದರೆ ನಾನು ಸಿಡುಕುವುದು ಮನುಷ್ಯರ ಮೇಲೆ, ಮಷೀನಿನ ಮೇಲಲ್ಲ. ಸ್ಕ್ರಿಪ್ಸ್ ರ್ಯಾಂಚಿನ ಒಂದು ಬಯೋಟೆಕ್ ಕಂಪನಿಯಲ್ಲಿ ಕ್ವಾಲಿಟಿ ಚೆಕ್ ಮಾಡುವುದೇ ನನ್ನ ಹೊಟ್ಟೆಪಾಡು. ಬಯ್ಯುತ್ತಲೇ ಪ್ರೆಸ್ಸಿನ ಹತ್ತಿರ ಹೋದೆ, ಬಯ್ಯುತ್ತಲೇ ಕೈಹಾಕಿದೆ, ಇಷ್ಟವಾಗಿಬಿಟ್ಟಿತು.

ಕೆಲವು ವರ್ಷ ಹೀಗೇ ನಡೆದ ಮೇಲೆ ದೊಡ್ಡ ಪ್ರೆಸ್ ತೆಗೆದುಕೊಳ್ಳೋಣ ಎಂದಾಯಿತು. ಪ್ರೋಗ್ರೆಸಿವ್ ಪ್ರೆಸ್ ಅನ್ನುತ್ತಾರೆ. ಕೆಳಗೆ ತಿರುಗುವ ತಟ್ಟೆ, ಮೇಲೆ ಐದು ತೂತು, ಒಂದೊಂದು ತೂತಿನಲ್ಲಿ ಒಂದೊಂದು ಕೆಲಸದ ಸಾಧನ. ಹಿಡಿಕೆ ಎಳೆದಾಗಲೆಲ್ಲ ಎಲ್ಲ ಕಡೆಯೂ ಕೆಲಸ ನಡೆದು, ಒಂದು ಸಿದ್ಧ ಗುಂಡು ಪಕ್ಕದ ಬಟ್ಟಲಿಗೆ ಉರುಳುತ್ತದೆ. ಹೆಣ್ಣು ನೋಡಲು ಹೋದವರ ಹಾಗೆ ತಿಂಗಳುಗಟ್ಟಲೆ ವಿಡಿಯೋ ನೋಡಿ, ಅದಕ್ಕೆ ಇದು ಇಲ್ಲ, ಇದಕ್ಕೆ ಅದು ಇಲ್ಲ ಎಂದು ಕೊಂಕು ತೆಗೆದು, ಕೊನೆಗೆ ಒಂದನ್ನು ಒಪ್ಪಿದೆವು. ಒಪ್ಪಿದ ಮೇಲೆ ಜಗಳ ಶುರುವಾಯಿತು. ನಾಲ್ಕು ತೂತಿಗೆ ಬೇಕೇಬೇಕಾದ ಕೆಲಸಗಳಿದ್ದವು. ಉಳಿದ ಒಂದಕ್ಕೆ ಏನು ಹಾಕುವುದು? ಕರ್ನಿ ಮೆಸಾದ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಇದೇ ಮಾತು.

“ಫೀಡರ್ ಹಾಕಿದ್ರೆ ಸೀಸ ತಾನಾಗೇ ಬಂದು ಕೂತ್ಕೊಳ್ಳುತ್ತೆ ಕಣೇ. ಸ್ಪೀಡು ಎಲ್ಲಿಗೋ ಹೋಗುತ್ತೆ.”

“ಯಾರಿಗೆ ಬೇಕೋ ಸ್ಪೀಡು? ಯುದ್ಧಕ್ಕೇನಾದ್ರೂ ಹೊರಟಿದ್ದೀಯಾ? ಅಲ್ಲಿಗೆ ಅಲಾರಂ ಹಾಕು.”

ಅಲಾರಂ ಅಂದರೆ, ಕೇಸಿನೊಳಗೆ ಪೌಡರು ಹೆಚ್ಚು ಕಡಿಮೆ ಬಿದ್ದರೆ ಕೀಂಯ್ ಎಂದು ಅರಚುವ ಒಂದು ಪುಟ್ಟ ಸಾಧನ. ಪೌಡರು ಬೀಳದಿದ್ದರೆ ಸೀಸ ಹೊರಗೆ ಹಾರುವಷ್ಟು ಬಲವಿಲ್ಲದೆ ಪಿಸ್ತೂಲಿನ ನಳಿಕೆಯೊಳಗೇ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಹಿಂದಿನಿಂದ ಇನ್ನೊಂದು ಹೊಡೆದರೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಬೆರಳು ಹೋಗಬಹುದು, ಕಣ್ಣು ಹೋಗಬಹುದು. ಅವನು ಮುಖ ಊದಿಸಿಕೊಂಡೇ ಅಲಾರಂ ಹಾಕಿಸಿದ. ಅದು ಕೂಗಿದಾಗಲೆಲ್ಲ, “ನೋಡು, ನಿನ್ನ ತಂಗಿ ಕರೀತಿದ್ದಾಳೆ” ಎನ್ನುತ್ತಿದ್ದ.

ಆ ವರ್ಷ ನವರಾತ್ರಿಗೆ ಅತ್ತೆಯವರು ಧಾರವಾಡದಿಂದ ಬಂದು ನಮ್ಮ ಮನೆಯಲ್ಲಿದ್ದರು. ನವಮಿಯ ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಆಯುಧ ಪೂಜೆ ಮುಗಿದಿತ್ತು. ಅವನ ಕಾರಿಗೆ, ಎರಡು ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ವ್ಯಾಕ್ಯೂಮ್ ಕ್ಲೀನರಿಗೆ ಎಲ್ಲಕ್ಕೂ ಕುಂಕುಮ. ಗ್ಯಾರೇಜಿನಲ್ಲಿ ಪ್ರೆಸ್ಸಿನ ಹಿಡಿಕೆಗೆ ಚೆಂಡುಹೂವಿನ ಹಾರ. ನಾನು ನಕ್ಕದ್ದು ನೋಡಿ ಅವರು, “ಖಂಡೇನವಮಿಗೆ ಇದಕ್ಕಿಂತ ದೊಡ್ಡ ಆಯುಧ ಬೇಕೇನವಾ? ಶಾವಿಗಿ ಮಷಿನ್ ಇದ್ದಂಗ ಅದ, ಆದ್ರ ಆಯುಧನ ಅಲ್ಲೇನು?” ಎಂದರು. ನಾನು ಫೋಟೋ ತೆಗೆದೆ. ಮಾರನೆಯ ದಿನ ಹಾರ ತೆಗೆದು, ಕುಂಕುಮ ಒರೆಸಿ, ಪ್ರೆಸ್ಸಿನ ತಲೆಯ ಮೇಲೆ ಪೌಡರು ತುಂಬುವ, ತೆರೆದೇ ಇದ್ದ ಕೊಳವೆಗೆ ಮುಚ್ಚಳ ಹಾಕಿದೆ. ಕಲೆ ಹಿಡಿದು ಕಂದಾಗಿದ್ದ ಆ ಕೊಳವೆಯನ್ನು ಕೆಲಸ ಮುಗಿದ ಕೂಡಲೇ ನಾನೇ ಖಾಲಿ ಮಾಡಿಡುವುದು ರೂಢಿ. ಹಾಗಾಗಿ ಒಳಗೆ ಇಣುಕಲಿಲ್ಲ.

ಆ ಶನಿವಾರ ಲಾಸ್ ಏಂಜಲೀಸ್ ಆಚೆಯ ಗುಡ್ಡದ ರೇಂಜಿನಲ್ಲಿ ಅವನ ಶೂಟಿಂಗ್ ಮ್ಯಾಚ್ ಇತ್ತು. ಹಿಂದಿನ ದಿನ ವರ್ಕ್ ಫ್ರಮ್ ಹೋಮ್. ಮಧ್ಯಾಹ್ನ ತಾನೇ ಗುಂಡು ಮಾಡಿಕೊಳ್ಳುತ್ತೇನೆ ಎಂದಿದ್ದ. ಶನಿವಾರ ನಾನು ಏಳುವಷ್ಟರಲ್ಲಿ ಹೊರಟೇ ಹೋಗಿದ್ದ. ಕಾಫಿ ಹಿಡಿದು ಗ್ಯಾರೇಜಿಗೆ ಹೋಗಿ ನೋಡಿದರೆ ಕೊಳವೆಯಲ್ಲಿ ಪೌಡರು ಹಾಗೇ ಇದೆ. ಈ ಮನುಷ್ಯನಿಗೆ ಒಂದು ಕೆಲಸವನ್ನಾದರೂ ಪೂರ್ತಿ ಮಾಡಿ ಗೊತ್ತೇ ಎಂದು ಗೊಣಗುತ್ತ ಅದನ್ನು ಬಿಚ್ಚಿ ಡಬ್ಬಿಗೆ ಸುರಿದೆ. ಬೂದುಬಣ್ಣದ ಪೌಡರಿನ ಹಿಂದೆ ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಉದುರಿದವು.

ಅಕ್ಕಿ ಅಡ್ಡ ಸಿಕ್ಕಿದರೆ ಕೇಸಿಗೆ ಪೌಡರು ಬೀಳುವುದಿಲ್ಲ. ಅಲಾರಂ ಕೂಗಿರಬೇಕಲ್ಲ ಎಂದು ತಲೆ ಎತ್ತಿದರೆ, ಆ ತೂತು ಖಾಲಿ. ಅಲಾರಂ ಬಿಚ್ಚಿ ಬೆಂಚಿನ ಮೇಲೆ ಎಸೆದಿದ್ದ. ಬಟ್ಟಲಿನಲ್ಲಿ ಒಂದು ಗುಂಡೂ ಇಲ್ಲ. ಕೂಗಿದ್ದಕ್ಕೆ ಕಿತ್ತು ಹಾಕಿ, ಮಾಡಿದ್ದನ್ನೆಲ್ಲ ಬಾಚಿಕೊಂಡು ಹೋಗಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಅಡುಗೆಮನೆಗೆ ಓಡಿದೆ. “ಅತ್ತೆ, ಗ್ಯಾರೇಜ್ ಮಷೀನಲ್ಲಿ ಅಕ್ಷತೆ ಎಲ್ಲಿ ಹಾಕಿದ್ರಿ?”

“ಮ್ಯಾಲಿನ ಕೊಳವಿ ಖಾಲಿ ಇತ್ತಲ್ಲಾ. ಹಬ್ಬದ ದಿನ ಹಂಗ ಖಾಲಿ ಇಡಬಾರದು ಅಂತ ಒಂದ್ ಚಿಟಿಕಿ ಹಾಕೇನಿ. ಯಾಕ, ಏನಾತು?”

“ಏನಿಲ್ಲ.”

ಅವನಿಗೆ ಫೋನ್ ಮಾಡಿದೆ. ನೇರ ವಾಯ್ಸ್‌ಮೇಲ್. ಆ ಗುಡ್ಡದಲ್ಲಿ ಸಿಗ್ನಲ್ ಸಿಗುವುದಿಲ್ಲ. ರೇಂಜಿನ ಆಫೀಸಿಗೆ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿ. ಮೆಸೇಜು ಬಿಟ್ಟೆ, ನೈಟಿ ಬದಲಿಸಿ ಕಾರಿನ ಕೀ ಹಿಡಿದು ಹೊರಗೆ ಬಂದರೆ ಅತ್ತೆಯವರು ಆಗಲೇ ಚಪ್ಪಲಿ ಮೆಟ್ಟಿ ನನ್ನ ಕಾರಿನ ಬಾಗಿಲ ಹತ್ತಿರ ನಿಂತಿದ್ದರು. “ನಿನ್ನ ಮಾರಿ ಏನಿಲ್ಲ ಅನ್ನೂ ಹಂಗ ಇಲ್ಲ. ನಾನೂ ಬರತೇನಿ.”

ಐ-ಫೈವ್ ಹೈವೇಯಲ್ಲಿ ಶನಿವಾರದ ಬೆಳಗಿನ ಟ್ರಾಫಿಕ್ಕು. ಎಡಗಡೆ ಸಮುದ್ರ ತನ್ನ ಪಾಡಿಗೆ ಹೊಳೆಯುತ್ತಿತ್ತು. ಮುಂದಿನ ಕಾರಿಗೆ ಹಾರ್ನ್ ಹೊಡೆಯುವುದು, ಫೋನ್ ಮಾಡುವುದು, ಮತ್ತೆ ಹಾರ್ನ್ ಹೊಡೆಯುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಅತ್ತೆಯವರು ಕೇಳಿದರು, ಕೇಳಿದರು, ಬಿಡದೆ ಕೇಳಿದರು. ನಾನು ಒದರಿಬಿಟ್ಟೆ. ಅಕ್ಕಿ, ಪೌಡರು, ನಳಿಕೆ, ಬೆರಳು, ಕಣ್ಣು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಪಕ್ಕಕ್ಕೆ ನೋಡಿದರೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

“ನನ್ನ ಕೈಯಿಂದನ ಆತಲ್ಲವಾ.”

ಸಮಾಧಾನದ ಮಾತು ನನಗೆ ಬರುವುದಿಲ್ಲ; ಬರುವುದು ಬೈಗುಳ ಒಂದೇ. “ಅಲಾರಂ ಕಿತ್ತು ಬಿಸಾಕೋ ಅಂತ ನೀವು ಹೇಳಿಕೊಟ್ರಾ ನಿಮ್ಮ ಮಗಂಗೆ? ಇಲ್ವಲ್ಲ? ಹಾಗಾದ್ರೆ ಸುಮ್ನಿರಿ. ಅವನು ಸಿಗ್ಲಿ, ಇದೆ ಅವನಿಗೆ.” ಅವರು ನನ್ನ ತೊಡೆಯ ಮೇಲೆ ಕೈಯಿಟ್ಟು, ರಾಯರೇ, ರಾಯರೇ ಎನ್ನತೊಡಗಿದರು.

ರೇಂಜಿನ ಗೇಟು ದಾಟಿ ಮಣ್ಣುರಸ್ತೆಗೆ ಇಳಿದಾಗ ಗುಂಡಿನ ಸದ್ದು ಕೇಳಿಸಿತು. ಒಂದೊಂದು ಸದ್ದಿಗೂ ಅತ್ತೆಯವರು ಬೆಚ್ಚುತ್ತಿದ್ದರು. ಸದ್ದು ನಿಂತಾಗ ನನಗೆ ಇನ್ನೂ ಹೆಚ್ಚು ಭಯವಾಗುತ್ತಿತ್ತು. ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಇಬ್ಬರೂ ಓಡಿದೆವು. ಅತ್ತೆಯವರು ಸೀರೆ ಎತ್ತಿ ಹಿಡಿದು ನನಗಿಂತ ಮುಂದೆ ಓಡಿದರು.

ತಗಡಿನ ಚಪ್ಪರದ ಕೆಳಗೆ ಮಡಚುವ ಕುರ್ಚಿಯಲ್ಲಿ, ಕಿವಿಗೆ ಮಫ್ ಹಾಕಿಕೊಂಡು, ಟ್ಯಾಬ್ಲೆಟ್ಟಿನಲ್ಲಿ ಯಾರದೋ ಸ್ಕೋರು ಬರೆಯುತ್ತ ಕೂತಿದ್ದ ನಮ್ಮ ಮಹಾರಾಯ. ನಮ್ಮನ್ನು ಕಂಡು ಗಾಬರಿಯಿಂದ ಎದ್ದು ಬಂದ.

“ಏನೇ ಇದು? ಅಮ್ಮನ್ನೂ ಕರ್ಕೊಂಡು! ಯಾರಿಗೇನಾಯ್ತು?”

“ಗುಂಡೆಲ್ಲಿ? ನಿನ್ನೆ ಮಾಡಿದ್ದು?”

“ಮನೇಲೇ ಇದೆ. ಬೆಂಚ್ ಕೆಳಗೆ, ಬಕೆಟ್‌ನಲ್ಲಿ.” ಅವನ ದನಿ ತಗ್ಗಿತು. “ಅಲಾರಂ ಒಂದೇ ಸಮ ಬಡ್ಕೊಳ್ತಿತ್ತು. ಅದೇ ಕೆಟ್ಟಿದೆ ಅಂತ ಬಿಚ್ಚಿ ನೋಡ್ದೆ, ಸರಿಯಾಗೇ ಇತ್ತು. ಟಾರ್ಚ್ ಹಾಕಿ ನೋಡಿದ್ರೆ ಕೇಸಲ್ಲಿ ಪೌಡರೇ ಇಲ್ಲ. ಎಲ್ಲಾ ಎತ್ತಿಟ್ಬಿಟ್ಟೆ. ಹೊಡಿಯಕ್ಕೆ ಗುಂಡಿಲ್ಲ, ಅದಕ್ಕೇ ಇವತ್ತು ಸ್ಕೋರ್ ಬರೀತಿದ್ದೀನಿ.”

“ನಂಗೆ ಹೇಳಕ್ಕೆ ಏನು ಧಾಡಿ ನಿಂಗೆ?”

“ಹೇಳಿದ್ರೆ ‘ನಾನ್ ಹೇಳಿರ್ಲಿಲ್ವಾ’ ಅಂತಿದ್ದೆ. ಜನ್ಮಪೂರ್ತಿ ಅಂತಿದ್ದೆ.”

ಅವನ ಕುರ್ಚಿಯಲ್ಲೇ ಕುಸಿದು ಕೂತೆ. ಅಬ್ಬಾ, ದೇವರೇ, ಎಂದು ಮಾತ್ರ ಬಾಯಿಂದ ಬರುತ್ತಿತ್ತು. ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳದಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅತ್ತೆಯವರು ಮಗನ ಎರಡೂ ಕೈ ಹಿಡಿದುಕೊಂಡರು. ಬಲಗೈಯ ಹೆಬ್ಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಮುಟ್ಟಿ ನೋಡುತ್ತ ಹೋದರು. ಟೋಪಿ ಹಾಕಿದ ಅಮೆರಿಕನ್ನರೆಲ್ಲ ತಿರುಗಿ ನೋಡುತ್ತಿದ್ದರು.

“ಅಮ್ಮಾ, ಏನ್ ಮಾಡ್ಲಿಕತ್ತೀ? ಎಲ್ಲಾರೂ ನೋಡ್ಲಿಕತ್ತಾರ.”

“ನೋಡ್ಲಿ. ನೀ ಸುಮ್ಮನ ನಿಂದ್ರು.” ಎಡಗೈಯ ಕಿರುಬೆರಳಿಗೆ ಬಂದ ಮೇಲೆ ಅವರಿಗೆ ಸಾಲಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದರು. ನರೆತ ತಲೆಯ ಮಗ ಕೈ ಎಳೆದುಕೊಳ್ಳದೆ ನಿಂತ.

ಅವರು ಮುಗಿಸಿದ ಮೇಲೆ ನಾನೂ ಎದ್ದು ಹೋಗಿ ಅವನ ಒಂದು ಕೈ ಹಿಡಿದುಕೊಂಡೆ. ನಾನು ಹೇಳಿರಲಿಲ್ವಾ ಅನ್ನುವುದು ನಾಲಿಗೆ ತುದಿಗೆ ಬಂದೇ ಬಂದಿತ್ತು. ಬಾಯಿ ತೆರೆದರೆ ಅಳು ಬಂತು.